ಒಂದೇ ದೀಪ, ಎರಡು ಕಥೆ

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಆ ತಂತಿಯ ಕೆಳಗಿದ್ದ ಒಂದು ಹಳ್ಳಿಗೆ ಎಲ್ಲರಿಗಿಂತ ಮೊದಲೇ ದೀಪ ಸಿಕ್ಕಿದ್ದರೆ? ಹಳ್ಳಿ ನನ್ನ ಕಲ್ಪನೆಯದು. ಕಥೆ ಬರೆಯಲು ಕೂತೆ.

ಮೊದಲ ಸಲ ಅದು ಫ್ಯಾಂಟಸಿಯಾಯಿತು. ಹುಡುಗಿಯೊಬ್ಬಳಿಗೆ ಹೊಳೆಯಲ್ಲಿ ಎಣ್ಣೆ ಬೇಡದ ದೀಪ ಸಿಗುತ್ತದೆ. ಸುಳ್ಳು ಹೇಳುವವರ ಕೈಯಲ್ಲಿ ಅದು ಉರಿಯುವುದಿಲ್ಲ. ಸಾಹುಕಾರ ಕದಿಯುತ್ತಾನೆ, ಕತ್ತಲಲ್ಲಿ ಕೂರುತ್ತಾನೆ. ಕೊನೆಗೆ ಅವಳು ದೀಪವನ್ನು ಹೊಳೆಗೇ ಬಿಡುತ್ತಾಳೆ. ಮೂರೇ ದಿನಕ್ಕೆ ಮುಗಿಯಿತು. ಗೆಳೆಯ ಓದಿ, "ಚೆನ್ನಾಗಿದೆ. ಊರಿಗೇನಾಯ್ತು?" ಅಂದ. ಊರಿಗೆ ಏನೂ ಆಗಿರಲಿಲ್ಲ! ಎಲ್ಲಾ ಫ್ಯಾಂಟಸಿಯೂ ಹೀಗೆ ಅಂತಲ್ಲ, ನನ್ನದು ಹಾಗಿತ್ತು.

ಎರಡನೇ ಸಲ ಹೊಳೆ ಬಿಟ್ಟು ತಂತಿ ಹಿಡಿದೆ; ಊರಿಗೆಲ್ಲ ಕರೆಂಟು ಬರುವ ವೈಜ್ಞಾನಿಕ ಕಥೆ ಬರೆದೆ. ಸ್ವಿಚ್ ಒತ್ತಿದರೆ ಸಾಕು, ಕಳ್ಳನಿಗೂ ದೀಪ ಉರಿಯುತ್ತದೆ. ಯಾರು ಯೋಗ್ಯರು ಅನ್ನೋ ಪ್ರಶ್ನೆ ಅಲ್ಲಿಗೇ ಸತ್ತಿತು. ತಿಂಗಳಿಗೆ ಎಷ್ಟು ಕಟ್ಟಬೇಕು, ಗಾಳಿಮಳೆಗೆ ತಂತಿ ಹರಿದರೆ ಯಾರು ಬರುತ್ತಾರೆ ಅನ್ನೋವು ಎದ್ದವು. ತೀರಾ ಮುಂದುವರಿದ ತಂತ್ರಜ್ಞಾನ ಮಾಯೆಯ ಹಾಗೇ ಕಾಣುತ್ತದೆ ಅಂತ ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಹೇಳಿದ್ದಾರಲ್ವಾ? ದೂರದಿಂದ ನೋಡುವವನಿಗೆ ಸರಿ. ಕಂಬ ಹತ್ತುವವನನ್ನು ಕೇಳಿ ನೋಡಿ.

ಎರಡನೇ ಪುಟಕ್ಕೇ ಗಾಣಿಗ ನುಗ್ಗಿದ. ಮೊದಲ ಕಥೆಯಲ್ಲಿ ಅವನು ಇರಲೇ ಇಲ್ಲ; ಒಂದು ದೀಪಕ್ಕೆ ಎಣ್ಣೆ ಬೇಡವಾದರೆ ಅವನಿಗೇನು ನಷ್ಟ? ಈಗ ಊರಿಗೆ ಊರೇ ಹರಳೆಣ್ಣೆ, ಹೊಂಗೆಣ್ಣೆ ಕೊಳ್ಳುವುದನ್ನು ಬಿಟ್ಟಿದೆ. ಅವನ ಎತ್ತು ನೊಗ ಕಟ್ಟದಿದ್ದರೂ ಬೆಳಗಾದರೆ ಗಾಣದ ಸುತ್ತ ನಾಲ್ಕು ಸುತ್ತು ಹಾಕಿ ನಿಲ್ಲುತ್ತದೆ. ಅವನು ಜಗಲಿ ಮೇಲೆ ಕೂತು ಎದುರುಮನೆ ಬಲ್ಬನ್ನೇ ನೋಡುತ್ತಾನೆ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಇದು.

ಮುಗಿಸುವುದೇ ಕಷ್ಟ. ಗಾಣಿಗ ತಂತಿ ಕಡಿಯಲಿ ಅಂತ ಬರೆದೆ. ನನಗೇ ನಂಬಿಕೆ ಬರಲಿಲ್ಲ. ರಾತ್ರಿ ಬೆಳಕಿನ ರುಚಿ ಹತ್ತಿದ ಊರು ಸುಮ್ನಿರುತ್ತಾ, ಬೆಳಗಾಗುವುದರೊಳಗೆ ತಾನೇ ಜೋಡಿಸಿಕೊಳ್ಳುತ್ತದೆ. ಅವನ ಮಗನನ್ನು ಲೈನ್‌ಮನ್ ಮಾಡಿ ನೋಡಿದೆ, ಸರ್ಕಾರಿ ಜಾಹೀರಾತಿನ ಹಾಗಾಯಿತು. ಈಗ ಐದನೇ ಕರಡು ಮೇಜಿನ ಮೇಲಿದೆ. ಗಾಣಿಗ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗಿದ್ದಾನೆ, ಮಾರುತ್ತಾನೋ ಇಲ್ಲವೋ ಇನ್ನೂ ಬರೆದಿಲ್ಲ.