ನ್ಯೂ ಇಂಗ್ಲೆಂಡಿನ ಮಣ್ಣಲ್ಲಿ ಸ್ಪ್ಯಾನಿಷ್ ಬೆಳ್ಳಿ: ನಾನು ಹುಡುಕುವ ಬಗೆ

ಮೆಟಲ್ ಡಿಟೆಕ್ಟರ್, ಅಂದರೆ ನೆಲದಡಿಯ ಲೋಹ ಕಂಡರೆ ದನಿ ಮಾಡುವ ಯಂತ್ರ, ಹಿಡಿದವರಲ್ಲಿ ಹೆಚ್ಚಿನವರು ಬೆಳ್ಳಿ ಅಂದರೆ ಎತ್ತರದ ದನಿ ಎಂದೇ ಕಲಿತಿರುತ್ತಾರೆ. 1964ರವರೆಗಿನ ಅಮೆರಿಕನ್ ಕ್ವಾರ್ಟರ್ (ಕಾಲು ಡಾಲರ್ ನಾಣ್ಯ) ಹುಡುಕುವವರಿಗೆ ಆ ಪಾಠ ಸಾಕು. ವಸಾಹತು ಕಾಲದ ಬೆಳ್ಳಿ ಬೇಕೆಂದರೆ ಅದೇ ಪಾಠ ಅಡ್ಡ ಬರುತ್ತದೆ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನಲ್ಲಿ, ಮ್ಯಾಸಚೂಸೆಟ್ಸ್ ಕಡೆಯ ಹಾಳುಮನೆಗಳ ಸುತ್ತ ಸಿಗುವ ಹಳೆಯ ಬೆಳ್ಳಿ ಬಹುಪಾಲು ತೆಳು, ಸವೆದ, ಕೆಲವೊಮ್ಮೆ ಕತ್ತರಿಸಿದ ರಿಯಾಲ್ ಎಂಬ ಸ್ಪ್ಯಾನಿಷ್ ಬೆಳ್ಳಿ ನಾಣ್ಯ. ಅದರ ದನಿ ಅಂಗಿ ಬಟನ್, ಸೀಸದ ಗುಂಡು, ಸೋಡಾ ಕ್ಯಾನಿನ ಕಿವಿ ಇವುಗಳ ನಡುವೆಯೇ ಕೂತಿರುತ್ತದೆ. ಎತ್ತರದ ದನಿಗಷ್ಟೇ ಅಗೆಯುವವರು ಅದರ ಮೇಲೆಯೇ ನಡೆದು ಹೋಗುತ್ತಾರೆ.

ಬ್ರಿಟನ್ ತನ್ನ ಅಮೆರಿಕನ್ ವಸಾಹತುಗಳಿಗೆ ಬೆಳ್ಳಿ ನಾಣ್ಯವನ್ನು ಸಾಕಷ್ಟು ಬಿಡಲೇ ಇಲ್ಲ. ಬಾಸ್ಟನ್‌ನಲ್ಲಿ ಜಾನ್ ಹಲ್ 1652ರಲ್ಲಿ ಟಂಕಸಾಲೆ ಶುರುಮಾಡಿದ. ಅಲ್ಲಿ ಟಂಕಿಸಿದ, ಪೈನ್ ಮರದ ಚಿತ್ರವಿರುವ ಶಿಲ್ಲಿಂಗ್ ಸಿಗುವುದು ತೀರಾ ಅಪರೂಪ. ಆ ಟಂಕಸಾಲೆ ಸುಮಾರು ಮೂವತ್ತು ವರ್ಷ ನಡೆದರೂ ಈ ಶಿಲ್ಲಿಂಗ್ ಮೇಲೆ ಇರುವುದು 1652 ಎಂಬ ಇಸವಿಯೇ. ದಿನದ ವ್ಯವಹಾರ ನಡೆದದ್ದು ಸ್ಪೇನ್ ಆಳುತ್ತಿದ್ದ ಮೆಕ್ಸಿಕೊ, ಲಿಮಾ, ಪೊಟೋಸಿ ಟಂಕಸಾಲೆಗಳ ರಿಯಾಲ್‌ಗಳಲ್ಲಿ. ಇವುಗಳಲ್ಲಿ ಎಂಟು ರಿಯಾಲ್ ಬೆಲೆಯ ದೊಡ್ಡ ನಾಣ್ಯಗಳನ್ನು ಈಸ್ಟ್ ಇಂಡಿಯಾ ಕಂಪನಿ ಹಡಗಿನಲ್ಲಿ ತಂದು, ಕರಗಿಸಿ, ನಮ್ಮ ಕಡೆ ರೂಪಾಯಿ ಮಾಡಿಸಿತ್ತು. ಇಲ್ಲಿ ಮಣ್ಣಿಗೆ ಬಿದ್ದವು ಮಾತ್ರ ಹಾಗೆಯೇ ಉಳಿದಿವೆ.

ಅಮೆರಿಕದಲ್ಲಿ ಇವು ಕಾನೂನುಬದ್ಧ ಹಣವಾಗಿ 1857ರವರೆಗೆ ಓಡಿದವು. ಆದ್ದರಿಂದ 1740ರ ನಾಣ್ಯ 1840ರಲ್ಲಿ ಕಟ್ಟಿದ ಮನೆಯ ಅಂಗಳದಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ನಾಣ್ಯದ ಇಸವಿ ನೋಡಿ ಮನೆಯ ವಯಸ್ಸು ಹೇಳಲು ಹೋಗಬಾರದು. ಹಾಗೆಯೇ, 1700ರ ಮನೆಯೇ ಬೇಕೆಂದು ಪಟ್ಟು ಹಿಡಿಯಬೇಕಾಗಿಯೂ ಇಲ್ಲ. 1857ಕ್ಕೆ ಮೊದಲು ಜನ ಓಡಾಡಿದ ಜಾಗವಾದರೆ ಸಾಕು.

ಜಾಗ ಹುಡುಕುವ ಕೆಲಸ ಮನೆಯಲ್ಲೇ ಮುಗಿಯಬೇಕು. ಮ್ಯಾಸಚೂಸೆಟ್ಸ್‌ನ ಪ್ರತಿ ಊರೂ 1794ರಲ್ಲಿ ಒಮ್ಮೆ, 1830ರಲ್ಲಿ ಇನ್ನೊಮ್ಮೆ ತನ್ನ ನಕ್ಷೆ ಮಾಡಿಕೊಡಬೇಕಿತ್ತು. 1850ರ ದಶಕದಲ್ಲಿ ಹೆನ್ರಿ ವಾಲಿಂಗ್ ಮಾಡಿದ ಕೌಂಟಿ ನಕ್ಷೆಗಳಲ್ಲಿ ಮನೆಗೊಂದು ಚುಕ್ಕೆ, ಪಕ್ಕದಲ್ಲಿ ಯಜಮಾನನ ಹೆಸರು ಇರುತ್ತದೆ. ಆ ಚುಕ್ಕೆಯನ್ನು ಸರ್ಕಾರ ಉಚಿತವಾಗಿ ಕೊಡುವ ಲೈಡಾರ್ (ಮೇಲಿನಿಂದ ಲೇಸರ್ ಬಿಟ್ಟು ಅಳೆದ) ನೆಲಚಿತ್ರದ ಮೇಲೆ ಕೂರಿಸಿ ನೋಡುತ್ತೇನೆ. ಮರಗಳು ಮಾಯವಾದ ಆ ಚಿತ್ರದಲ್ಲಿ ಕಲ್ಲುಗೋಡೆಗಳು ಗೆರೆಯಾಗಿ, ಮನೆಯ ನೆಲಮಾಳಿಗೆಯ ಹೊಂಡ ಚೌಕದ ಗುಳಿಯಾಗಿ ಕಾಣುತ್ತದೆ. ಕಾಡಿಗೆ ಹೋದಾಗ ಲೈಲಾಕ್ ಪೊದೆ, ಡೇಲಿಲಿ ಗುಂಪು ಕಂಡರೆ ಮನೆ ಹತ್ತಿರವಿತ್ತು ಎಂದೇ ಅರ್ಥ. ಅವು ತಾವಾಗಿ ಅಲ್ಲಿಗೆ ಬಂದವಲ್ಲ, ಯಾರೋ ನೆಟ್ಟವು.

ಅನುಮತಿ ಇಲ್ಲದೆ ಕಾಯಿಲ್, ಅಂದರೆ ಡಿಟೆಕ್ಟರಿನ ತುದಿಯ ತಟ್ಟೆ, ಆಡಿಸಬೇಡಿ. ಖಾಸಗಿ ಜಮೀನಾದರೆ ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ಪಡೆಯುತ್ತೇನೆ, ಸಿಕ್ಕದ್ದರಲ್ಲಿ ಯಾರಿಗೆ ಏನು ಎಂಬುದನ್ನೂ ಅದರಲ್ಲೇ ಬರೆಯುತ್ತೇನೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಸುವುದೇ ಅಪರಾಧ. ಫೆಡರಲ್ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತತ್ವ ವಸ್ತುವನ್ನು ಪರವಾನಗಿ ಇಲ್ಲದೆ ತೆಗೆಯುವುದು 1979ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ. ಇದನ್ನು ಓದಿ ಊರಿಗೆ ಬಂದಾಗ ಶ್ರೀರಂಗಪಟ್ಟಣದ ಗದ್ದೆಯಲ್ಲೋ ಹಂಪಿಯ ಆಸುಪಾಸಿನಲ್ಲೋ ಪ್ರಯತ್ನಿಸೋಣ ಅನ್ನಿಸಿದವರಿಗೆ ಒಂದೇ ಮಾತು: ಬೇಡ. ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿರುವ ಬೆಲೆಬಾಳುವ ಏನೇ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸ್ಮಾರಕಗಳ ಸುತ್ತ ಅಗೆತಕ್ಕೆ ಬೇರೆಯೇ ನಿರ್ಬಂಧಗಳಿವೆ.

ಈಗ ದನಿಯ ವಿಷಯ. ನನ್ನ ಬಳಿ ಇರುವುದು ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಡಿಟೆಕ್ಟರ್. ಅದರ ಟಾರ್ಗೆಟ್ ಐಡಿ, ಅಂದರೆ ಕೆಳಗಿರುವುದು ಏನಿರಬಹುದೆಂದು ಯಂತ್ರ ತೋರಿಸುವ ಅಂಕಿ, ಮೈನಸ್ 9ರಿಂದ 40ರವರೆಗೆ ಓಡುತ್ತದೆ. ಅಮೆರಿಕನ್ ಬೆಳ್ಳಿ ಕ್ವಾರ್ಟರ್ 30 ದಾಟುತ್ತದೆ. ಎರಡು ರಿಯಾಲ್ ಸುಮಾರು 27ರ ಆಸುಪಾಸು, ಒಂದು ರಿಯಾಲ್ 22ರ ಆಸುಪಾಸು, ಅರ್ಧ ರಿಯಾಲ್ 20ಕ್ಕಿಂತ ಕೆಳಗೆ. ಬೆಳ್ಳಿಯಷ್ಟು ಚೆನ್ನಾಗಿ ವಿದ್ಯುತ್ ಹರಿಸುವ ಲೋಹ ಇನ್ನೊಂದಿಲ್ಲ, ಮತ್ತೆ ಐಡಿ ಇಷ್ಟು ಇಳಿಯುವುದೇಕೆ? ಯಂತ್ರ ಅಳೆಯುವುದು ಬರೀ ಲೋಹದ ಗುಣವನ್ನಲ್ಲ. ಅಗಲ, ದಪ್ಪ ಎಲ್ಲ ಸೇರಿದ ಒಟ್ಟು ಪ್ರತಿಕ್ರಿಯೆಯನ್ನು. ಅರ್ಧ ರಿಯಾಲ್ ಹೊಸದಾಗಿದ್ದಾಗಲೇ ತೂಗುತ್ತಿದ್ದದ್ದು 1.69 ಗ್ರಾಂ, ಅಗಲ 17 ಮಿಲಿಮೀಟರ್ ಇದ್ದೀತು. ನೂರು ವರ್ಷ ಕೈಯಿಂದ ಕೈಗೆ ಸವೆದ ಮೇಲೆ ಕಾಗದದಷ್ಟು ತೆಳು. ಎಂಟು ರಿಯಾಲನ್ನು ಹೋಳು ಮಾಡಿದ ತುಂಡಾದರೆ ಆಕಾರವೂ ಕೆಡುತ್ತದೆ, ಕಾಯಿಲ್ ಲೋಹದೊಳಗೆ ಎಬ್ಬಿಸುವ ವಿದ್ಯುತ್ತಿನ ಸುಳಿಪ್ರವಾಹ ಸುತ್ತಲು ದುಂಡನೆಯ ಹಾದಿ ಸಿಗುವುದಿಲ್ಲ, ಐಡಿ ಇನ್ನೂ ಇಳಿಯುತ್ತದೆ. ಪಕ್ಕದಲ್ಲೊಂದು ಕಬ್ಬಿಣದ ಮೊಳೆ ಇದ್ದರಂತೂ ಮತ್ತಷ್ಟು ಕೆಳಗೆ ಎಳೆಯುತ್ತದೆ.

ಹಾಳುಮನೆಯ ಸುತ್ತ ಮೊಳೆ ಇಲ್ಲದ ಅಂಗೈ ಅಗಲ ನೆಲವೂ ಇರುವುದಿಲ್ಲ. ಕಮ್ಮಾರರು ಬಡಿದ ಚೌಕ ಮೊಳೆಗಳು, ಒಲೆಯ ತುಂಡು, ಲಾಳ. ಇಲ್ಲಿ 11 ಇಂಚಿನ ಕಾಯಿಲ್ ಬಿಚ್ಚಿಟ್ಟು 6 ಇಂಚಿನದನ್ನು ಹಾಕುತ್ತೇನೆ. ದೊಡ್ಡ ಕಾಯಿಲ್ ಒಮ್ಮೆಗೆ ಐದಾರು ಮೊಳೆಗಳನ್ನು ಒಟ್ಟಿಗೆ ನೋಡಿ ಬೆಳ್ಳಿಯನ್ನು ಅದರಲ್ಲಿ ಮುಳುಗಿಸಿಬಿಡುತ್ತದೆ. ಒಂದು ದನಿಯಿಂದ ಮುಂದಿನದಕ್ಕೆ ಯಂತ್ರ ಎಷ್ಟು ಬೇಗ ಸಿದ್ಧವಾಗಬೇಕೆಂಬ ರಿಕವರಿ ಸ್ಪೀಡ್ 6 ಅಥವಾ 7. ಅನುಮಾನದ ದನಿಯನ್ನು ಕಬ್ಬಿಣವೆಂದೇ ಎಣಿಸುವ ಐರನ್ ಬಯಾಸ್ ಎಷ್ಟು ತಗ್ಗಿಸಲು ಸಾಧ್ಯವೋ ಅಷ್ಟು ತಗ್ಗಿಸುತ್ತೇನೆ. ತುಕ್ಕು ಹಿಡಿದ ಚಪ್ಪಟೆ ತಗಡು ಆಗಾಗ ಬೆಳ್ಳಿಯಂತೆ ಕೂಗಿ ಮೋಸ ಮಾಡುತ್ತದೆ, ಆ ಬೆಲೆ ಕೊಡಲೇಬೇಕು. ಸೆನ್ಸಿಟಿವಿಟಿಯನ್ನು 25ಕ್ಕೆ ಏರಿಸುವ ಆಸೆ ಬೇಡ. 18ರಿಂದ 20ರಲ್ಲಿ ಯಂತ್ರ ಸುಮ್ಮನಿದ್ದಷ್ಟೂ ಸಣ್ಣ ದನಿ ಕಿವಿಗೆ ಬೀಳುತ್ತದೆ. ಕಬ್ಬಿಣವನ್ನು ಪೂರ್ತಿ ಮುಚ್ಚಿಬಿಡುವ ಡಿಸ್ಕ್ರಿಮಿನೇಷನ್ ನಾನು ಹಾಕುವುದಿಲ್ಲ. ಕಬ್ಬಿಣದ ಗುರ್ ದನಿ ತಗ್ಗಿನಲ್ಲಿ ಕೇಳುತ್ತಲೇ ಇರಬೇಕು, ಅದರ ನಡುವೆ ಬರುವ ಚಿಕ್ಕ, ಮೃದುವಾದ ಚಿಲಿಪಿಲಿಯನ್ನೇ ಕಾಯಬೇಕು.

ದನಿ ಬಂದರೆ 90 ಡಿಗ್ರಿ ತಿರುಗಿ ಮತ್ತೆ ಬೀಸಿ ನೋಡಿ. ನಾಣ್ಯವಾದರೆ ದನಿ ಅದೇ ಜಾಗದಲ್ಲಿ ನಿಲ್ಲುತ್ತದೆ, ಐಡಿ ಎರಡು ಮೂರು ಅಂಕ ಆಡಬಹುದಷ್ಟೆ. ಮೊಳೆಯ ಮೋಸದ ದನಿ ಪಕ್ಕಕ್ಕೆ ಜರುಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಬಯಲಲ್ಲಿ ಇಷ್ಟು ಪರೀಕ್ಷೆ ಸಾಕು. ಮೊಳೆಗಳ ಹಾಸಿನ ಮೇಲೆ ಮಾತ್ರ ಒಂದೇ ದಿಕ್ಕಿನಿಂದ ಕೇಳಿದ ಒಳ್ಳೆಯ ದನಿಯನ್ನೂ ಬಿಡಬೇಡಿ. ಎರಡೂ ದಿಕ್ಕು ಸ್ವಚ್ಛವಾಗಿ ಕೂಗಬೇಕೆಂದು ಹಠ ಹಿಡಿದರೆ ಅರ್ಧ ರಿಯಾಲ್ ಸಿಗುವುದಿಲ್ಲ. ಬಟನ್‌ಗಳನ್ನು ಅಗೆದು ಬೇಸತ್ತವರು ಬೆಳ್ಳಿಯ ತೀರಾ ಹತ್ತಿರ ಬಂದು ಬಿಟ್ಟುಹೋಗುತ್ತಾರೆ. ಹಳೆಯ ಹಿತ್ತಾಳೆ ಬಟನ್ ಸಿಗುವ ಜಾಗವೇ ರಿಯಾಲ್ ಸಿಗುವ ಜಾಗ.

ಕಾಡಿನಲ್ಲಿ ಅಗೆಯುವ ಮೊದಲು ಎಲೆಯ ಹಾಸನ್ನು ಕಾಲಿನಿಂದಲೋ ಕೋಲಿನಿಂದಲೋ ಸರಿಸಿ. ಐದಾರು ಸೆಂಟಿಮೀಟರ್ ಎಲೆ ಹೋದರೆ ಕಾಯಿಲ್ ಅಷ್ಟು ಕೆಳಗೆ ಇಳಿಯುತ್ತದೆ. ಸಣ್ಣ ಬೆಳ್ಳಿಗೆ ಅದೇ ದೊಡ್ಡ ಲಾಭ. ಹುಲ್ಲಿನ ಅಂಗಳವಾದರೆ ಸುಮಾರು 15 ಸೆಂಟಿಮೀಟರ್ ಅಗಲಕ್ಕೆ ಮೂರು ಕಡೆ ಕೊಯ್ದು, ನಾಲ್ಕನೆಯ ಕಡೆಯ ಬೇರು ಹಾಗೇ ಬಿಟ್ಟು ಮಡಚಿ. ಮಣ್ಣನ್ನು ಬಟ್ಟೆಯ ಮೇಲೆ ಹಾಕಿಕೊಂಡರೆ ವಾಪಸ್ ತುಂಬಿದಾಗ ಗುರುತೇ ಉಳಿಯದು. ಮಳೆಯಿಲ್ಲದ ಜುಲೈ, ಆಗಸ್ಟ್‌ನಲ್ಲಿ ಅಂಗಳ ಅಗೆಯಬೇಡಿ, ಮಡಚಿದ ಹುಲ್ಲು ಒಣಗಿ ಹಳದಿ ಬಿಲ್ಲೆಯಾಗಿ ಉಳಿಯುತ್ತದೆ, ಮಾಲೀಕರು ಮತ್ತೆ ಕರೆಯುವುದಿಲ್ಲ. ಸಲಿಕೆಯನ್ನು ದನಿ ಬಂದ ಬಿಂದುವಿನಿಂದ ದೂರ ಹಾಕಿ, ಕೊನೆಯ ಹತ್ತಿರದ ಕೆಲಸವನ್ನು ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್) ಮತ್ತು ಬೆರಳಿಗೆ ಬಿಡಿ. ಏಪ್ರಿಲಿನಿಂದ ನವೆಂಬರ್‌ವರೆಗೆ ರಕ್ತ ಹೀರುವ ಉಣ್ಣಿಗಳ ಕಾಟ. ಬಟ್ಟೆ, ಬೂಟುಗಳಿಗೆ 0.5 ಶೇಕಡಾ ಪರ್ಮೆಥ್ರಿನ್ ಕೀಟನಾಶಕ ಹಿಂದಿನ ದಿನವೇ ಸಿಂಪಡಿಸಿ ಒಣಗಿಸಿ. ಉಣ್ಣಿ ಕಡಿತದಿಂದ ಬರುವ ಲೈಮ್ ಕಾಯಿಲೆ ಇರುವ ಸೀಮೆ ಇದು.

ನಾಣ್ಯ ಕಂಡೊಡನೆ ಹೆಬ್ಬೆರಳಿನಿಂದ ಉಜ್ಜುವುದೇ ಅತಿ ದೊಡ್ಡ ಅಪಾಯ. ಮಣ್ಣಿನಲ್ಲಿರುವ ಮರಳಿನ ಕಣ ರಾಜನ ಮುಖದ ಮೇಲೆ ಗೀರು ಎಳೆದರೆ ಅದು ಹೋಗುವುದಿಲ್ಲ. ನೀರಿನ ಬಾಟಲಿಯಿಂದ ಸಣ್ಣಗೆ ಹರಿಸಿ, ಅಂಚಿನಲ್ಲಿ ಹಿಡಿದು ಡಬ್ಬಿಗೆ ಹಾಕಿ. ಇಲ್ಲಿನ ಆಮ್ಲೀಯ ಮಣ್ಣು ತಾಮ್ರದ ನಾಣ್ಯವನ್ನು ತಿಂದುಹಾಕುತ್ತದೆ, ಬೆಳ್ಳಿ ಮಾತ್ರ ಬೂದುಬಣ್ಣಕ್ಕೆ ತಿರುಗಿದರೂ ಚೆನ್ನಾಗಿಯೇ ಬರುತ್ತದೆ. ಮನೆಯಲ್ಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಮೆತ್ತಗಾದ ಮಣ್ಣನ್ನು ಮರದ ಹಲ್ಲುಕಡ್ಡಿಯಿಂದ ಬಿಡಿಸಿ. ಪೂಜೆ ಸಾಮಾನಿಗೆ ಹಾಕುವ ಹುಣಸೆಹಣ್ಣು, ವಿಭೂತಿ, ಪೀತಾಂಬರಿ ಪುಡಿ ಇದರ ಹತ್ತಿರ ಸುಳಿಯಬಾರದು.

ಗುರುತಿಸುವುದು ಕಷ್ಟವಲ್ಲ. ಎರಡು ಕಂಬ, ನಡುವೆ ಕಿರೀಟದಡಿ ಎರಡು ಗೋಳ ಇದ್ದರೆ 1732ರಿಂದ 1771ರ ನಡುವಿನದು. ಇಸವಿ ಕಂಬಗಳ ಕೆಳಗಿರುತ್ತದೆ. ರಾಜನ ಮುಖವಿದ್ದರೆ 1772ರ ಈಚಿನದು, ಇಸವಿ ಮುಖದ ಕೆಳಗೆ. ದುಂಡಲ್ಲದ, ಸೊಟ್ಟ ಅಂಚಿನ, ಶಿಲುಬೆ ಇರುವ ತುಂಡು ಸುತ್ತಿಗೆಯಿಂದ ಹೊಡೆದ ಹಳೆಯ ಕಾಬ್. ಎಂ ಅಕ್ಷರದ ಮೇಲೆ ಸಣ್ಣ ಓ ಇದ್ದರೆ ಮೆಕ್ಸಿಕೊ. ಅಕ್ಷರವೆಲ್ಲ ಸವೆದುಹೋಗಿದ್ದರೆ ತೂಕ ನೋಡಿ: ಒಂದು ರಿಯಾಲ್ ಹೊಸದಾಗಿ 3.38 ಗ್ರಾಂ, ಎರಡು ರಿಯಾಲ್ 6.77, ಎಂಟು ರಿಯಾಲ್ 27ಕ್ಕೆ ಸ್ವಲ್ಪ ಮೇಲೆ. ಸವೆತಕ್ಕೆ ಒಂದಿಷ್ಟು ಕಳೆದುಕೊಂಡರೂ ಯಾವ ಗಾತ್ರದ್ದು ಎಂಬುದು ತಿಳಿಯುತ್ತದೆ. ಎರಡು ನೇರ ಅಂಚು, ಒಂದು ಬಾಗಿದ ಅಂಚು ಇರುವ ತ್ರಿಕೋನದ ಬೆಳ್ಳಿಚೂರನ್ನು ಕಸವೆಂದು ಎಸೆಯಬೇಡಿ, ಅದು ಚಿಲ್ಲರೆಗಾಗಿ ಕತ್ತರಿಸಿದ ನಾಣ್ಯ. ಪಿವಿಸಿ ಇಲ್ಲದ ಚೀಲದಲ್ಲಿಟ್ಟು, ಜೊತೆಗೊಂದು ಚೀಟಿಯಲ್ಲಿ ಜಿಪಿಎಸ್ ಅಂಕ, ಆಳ, ತೋರಿಸಿದ ಐಡಿ, ಪಕ್ಕದಲ್ಲಿ ಸಿಕ್ಕ ಇತರ ವಸ್ತುಗಳನ್ನು ಬರೆದಿಡುತ್ತೇನೆ. ಅದರ ಒಂದು ಪ್ರತಿ ಜಮೀನಿನ ಮಾಲೀಕರಿಗೆ.