ಬೀಳೋದು ಬಿಟ್ಟ ಮೇಲೆ ಸಿಕ್ಕ ಹತ್ತು ವರ್ಷ

ನಾನು ಫುಟ್‌ಬಾಲ್ ಗೋಲ್‌ಕೀಪರ್. ಮೂವತ್ತೈದಕ್ಕೇ ನನ್ನ ಆಟ ಮುಗಿಯಿತು ಅಂತ ತಂಡದವರು ಲೆಕ್ಕ ಹಾಕಿದ್ದರು. ಈಗ ನನಗೆ ನಲವತ್ತಾರು. ಹೋದ ತಿಂಗಳು ಮಂಡ್ಯದಲ್ಲಿ ಸಮ ಆಗಿ ಪೆನಾಲ್ಟಿ ಟೈಬ್ರೇಕರ್‌ಗೆ ಹೋದ ಪಂದ್ಯದಲ್ಲಿ ಎರಡು ಒದೆತ ಹಿಡಿದೆ. ಅವತ್ತಿಂದ ಮೈಸೂರಿನ ಹುಡುಗರೆಲ್ಲ ‘ಹೆಂಗಣ್ಣ?’ ಅಂತ ಬೆನ್ನು ಬಿದ್ದಿದ್ದಾರೆ.

ಮಾಡಿದ್ದು ಇಷ್ಟೇ. ಪ್ರಾಕ್ಟೀಸಲ್ಲಿ ಡೈವ್ ಹೊಡೆಯೋದನ್ನು, ಅಂದರೆ ಚೆಂಡಿಗೆ ಪಕ್ಕಕ್ಕೆ ಹಾರಿ ಬೀಳೋದನ್ನು, ಹೆಚ್ಚುಕಮ್ಮಿ ಬಿಟ್ಟೆ. ವಾರಕ್ಕೆ ಒಂದು ದಿನ, ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಉಳಿದ ದಿನ ಬರೀ ನಿಲ್ಲೋ ಜಾಗ. ‘ಬೀಳದ ಕೀಪರ್ ಯಾವ ಸೀಮೆ ಕೀಪರ್’ ಅಂತ ನಕ್ಕರು. 2018ರ ವಿಶ್ವಕಪ್‌ನಲ್ಲಿ ಈಜಿಪ್ಟಿನ ಕೀಪರ್ ಎಲ್ ಹದರಿ 45ನೇ ವಯಸ್ಸಲ್ಲಿ ಪೆನಾಲ್ಟಿ ಹಿಡಿದದ್ದನ್ನು ತೋರಿಸಿದೆ. ‘ಅವರದ್ದು ಹುಲ್ಲು ಕಣಣ್ಣ, ನಿಂದು ಜಲ್ಲಿಕಲ್ಲು’ ಅಂದರು. ಅದೂ ನಿಜವೇ.

7.32 ಮೀಟರ್ ಗೋಲು ನನಗೆ ವಯಸ್ಸಾಯಿತು ಅಂತ ಕಿರಿದಾಗಲ್ಲ ಅಲ್ವಾ? ಅದಕ್ಕೇ ಬಟ್ಟೆ ಒಣಗಿಸೋ ನೈಲಾನ್ ಹಗ್ಗ ತಂದೆ. ಎರಡೂ ಪೋಸ್ಟಿಗೆ ಒಂದೊಂದು ಕಟ್ಟಿ, ಇನ್ನೊಂದು ತುದಿಗಳನ್ನು ಚೆಂಡು ಇಟ್ಟ ಜಾಗದಲ್ಲಿ ಗೂಟಕ್ಕೆ ಬಿಗಿದೆ. ಗೋಲಿಗೆ ಹೋಗೋ ಚೆಂಡು ಈ ಎರಡು ಹಗ್ಗದ ನಡುವೆಯೇ ಬರಬೇಕು. ಗೋಲಿನ ಗೆರೆ ಮೇಲೆ ನಡುವೆ ನಿಂತು ಕೈ ಚಾಚಿದರೆ ಎರಡೂ ಕಡೆ ಹಗ್ಗ ದೂರ. ಹೆಜ್ಜೆ ಹೆಜ್ಜೆ ಮುಂದೆ ಬಂದ ಹಾಗೆ ಬೆರಳಿಗೆ ತಾಗುತ್ತೆ. ಅಲ್ಲಿ ಬೀಳೋ ಕೆಲಸವೇ ಇಲ್ಲ. ಗೂಟ ಕಿತ್ತು ಕಿತ್ತು ಬೇರೆ ಬೇರೆ ಕಡೆ ನೆಟ್ಟು, ಒಂದು ಮಳೆಗಾಲ ಪೂರ್ತಿ ಇದೇ ಕೆಲಸ.

ಮೊದಲ ಸೀಸನ್ ಮಾನ ಹೋಯಿತು. ಜಾಸ್ತಿ ಮುಂದೆ ಬಂದು, ತಲೆ ಮೇಲಿಂದ ಚೆಂಡು ಎತ್ತಿ ಹಾಕಿಸಿಕೊಂಡೆ. ಮೂರು ಪಂದ್ಯಕ್ಕೆ ಏಳೋ ಎಂಟೋ ಗೋಲು. ಒಂದು ತಂಡದವರು ನನ್ನನ್ನು ಬೆಂಚಿಗೆ ಕೂರಿಸಿದರು, ಬಸ್ ಚಾರ್ಜೂ ಕೊಡಲಿಲ್ಲ.

ಮಂಡಿ ಗಟ್ಟಿಯಾಗಲಿ ಅಂತ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದೆ. ಇಳಿದದ್ದೇ ತಪ್ಪಾಯಿತು. ಸ್ಕ್ಯಾನು, ಫಿಸಿಯೋ ಅಂತ ಹದಿನೆಂಟು ಇಪ್ಪತ್ತು ಸಾವಿರ ಕೈಬಿಟ್ಟಿತು. ಈಗಲೂ ಹತ್ತುತ್ತೇನೆ, ಇಳಿಯೋಕೆ ಸಿಟಿ ಬಸ್ಸು.

ಇನ್ನೊಂದು ಹುಚ್ಚು: ಭಾವನ ಗದ್ದೆಯಿಂದ ಭತ್ತದ ಹುಲ್ಲು ತಂದು, ಗೋಣಿಚೀಲಕ್ಕೆ ತುಂಬಿ ಡೈವ್ ಹೊಡೆಯೋಕೆ ಹಾಸಿಗೆ ಮಾಡಿದೆ. ಮೆತ್ತಗೇನೋ ಇತ್ತು. ಆದರೆ ಮೈಯೆಲ್ಲ ನವೆ, ಮನೆಯಲ್ಲಿ ಇಲಿ. ಹೆಂಡತಿ ಅದನ್ನು ಪಕ್ಕದ ಮನೆ ಹಸುವಿಗೆ ಹಾಕಿಬಿಟ್ಟಳು.

ಗ್ಲೌಸಿಗೆ ಸುರಿದ ದುಡ್ಡು ಮಾತ್ರ ಹೊಟ್ಟೆ ಉರಿಸುತ್ತೆ. ಎರಡೂವರೆ ಸಾವಿರದ ಒಂದು ಜೊತೆ ಗ್ಲೌಸು ನಮ್ಮ ಮೈದಾನದಲ್ಲಿ ಎರಡು ತಿಂಗಳಿಗೆ ಸವೆದು ಹೋಗುತ್ತೆ. ಸವೆದ ಅಂಗೈಗೆ ಸೈಕಲ್ ಟ್ಯೂಬ್ ಅಂಟಿಸಿ ನೋಡಿದೆ, ಚೆಂಡು ಕೈಗೆ ಬಡಿದು ಪುಟಿದು ಎದುರಾಳಿ ಕಾಲಿಗೇ ಹೋಯಿತು. ಈಗ ಹಳೇ ಜೊತೆ ಪ್ರಾಕ್ಟೀಸಿಗೆ, ಹೊಸದು ಪಂದ್ಯಕ್ಕೆ ಮಾತ್ರ. ಸೋಪಿನ ಪುಡಿ ಮುಟ್ಟಿಸಲ್ಲ, ನೆರಳಲ್ಲೇ ಒಣಗಿಸ್ತೀನಿ. ಹಾಕೋ ಮುಂಚೆ ಅಂಗೈಗೆ ಸ್ವಲ್ಪ ನೀರು. ವರ್ಷಕ್ಕೆ ಎರಡು ಜೊತೆ ಸಾಕಾಗ್ತಿದೆ.

ಪೆನಾಲ್ಟಿ ವಿಷಯ ಅರ್ಧ ಹೇಳ್ತೀನಿ. 2019ರಿಂದ ಒದೆಯೋ ಹೊತ್ತಿಗೆ ಕೀಪರ್‌ನ ಒಂದು ಪಾದ ಗೋಲಿನ ಗೆರೆ ಮೇಲಿದ್ದರೆ ಸಾಕು. ಇನ್ನೊಂದನ್ನು ಮುಂದಿಡಬಹುದು, ಆ ಒಂದು ಹೆಜ್ಜೆಯೇ ನನ್ನ ಬಂಡವಾಳ. ಓಡಿ ಬರೋನ ಮೈಯಲ್ಲಿ ನಾನು ಏನು ನೋಡ್ತೀನಿ ಅನ್ನೋದನ್ನು ಈಗ ಬರೆಯಲ್ಲ. ಮುಂದಿನ ತಿಂಗಳು ಅದೇ ಹುಡುಗರ ಎದುರು ಆಡಬೇಕು.