ಆಟಿಸಂ ಇರುವ ಮಗುವಿನ ಗಮನಕ್ಕೆ ಆಗ್ಮೆಂಟೆಡ್ ರಿಯಾಲಿಟಿಯ ನೆರವು

ಮೆಕ್ಸಿಕೋದ ಟಿಹುವಾನಾದಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಲಿಸುವ ಪಾಸಿತೋಸ್ ಕೇಂದ್ರದ ತರಗತಿಗಳಲ್ಲಿ ಸಂಶೋಧಕರು ಮೊಬಿಸ್ ಎಂಬ ಮೊಬೈಲ್ ವ್ಯವಸ್ಥೆಯನ್ನು ಬಳಸಿ ನೋಡಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಜಿನ ಮೇಲಿನ ವಸ್ತುವಿನತ್ತ ಕ್ಯಾಮೆರಾ ಹಿಡಿದರೆ, ಶಿಕ್ಷಕರು ಮೊದಲೇ ಸೇರಿಸಿಟ್ಟ ವೃತ್ತ, ಪದ ಅಥವಾ ಧ್ವನಿ ಆ ವಸ್ತುವಿನ ಜೊತೆಗೇ ಮೂಡುತ್ತಿತ್ತು (ಕ್ಯಾಮೆರಾ ಕಾಣುವ ನಿಜ ದೃಶ್ಯಕ್ಕೆ ಹೀಗೆ ಚಿತ್ರ, ಧ್ವನಿ ಸೇರಿಸುವುದೇ ಆಗ್ಮೆಂಟೆಡ್ ರಿಯಾಲಿಟಿ); ಮಕ್ಕಳು ಪಾಠದಲ್ಲಿ ಹೆಚ್ಚು ಹೊತ್ತು ಗಮನವಿಟ್ಟರು. ಈ ಕ್ರಮವನ್ನು ಮನೆಯಲ್ಲೂ ಅನುಸರಿಸಬಹುದು. ಆದರೆ ಮಗುವಿನ ಗಮನ ಕೊನೆಗೆ ನೆಲೆಸಬೇಕಾದದ್ದು ವಸ್ತುವಿನ ಮೇಲೆಯೇ ಹೊರತು ತೆರೆಯ ಮೇಲಲ್ಲ ಎಂಬುದನ್ನು ಮರೆಯುವಂತಿಲ್ಲ.

ಮೊದಲು ಒಂದೇ ಗುರಿಯನ್ನು ಆರಿಸಿಕೊಳ್ಳಿ: ಉದಾಹರಣೆಗೆ, ಲೋಟ ಮತ್ತು ಚಮಚಗಳ ನಡುವೆ ಹೆಸರು ಹೇಳಿ ಕೇಳಿದ್ದನ್ನು ಗುರುತಿಸುವುದು. ವಸ್ತುವನ್ನು ಅಥವಾ ಅದಕ್ಕೆ ಅಂಟಿಸಿದ ಮುದ್ರಿತ ಚಿತ್ರವನ್ನು ಗುರುತಿಸಿ ನಿಮ್ಮದೇ ಚಿತ್ರ, ಧ್ವನಿಗಳನ್ನು ಸೇರಿಸಲು ಬಿಡುವ ಆ್ಯಪ್ ಬೇಕು. ಹೊಳೆಯುವ ಸ್ಟೀಲ್ ಲೋಟವನ್ನು ಕ್ಯಾಮೆರಾ ಸುಲಭವಾಗಿ ಗುರುತಿಸುವುದಿಲ್ಲವಾದ್ದರಿಂದ, ಅದಕ್ಕೆ ಗೆರೆ, ಬಣ್ಣಗಳು ಸ್ಪಷ್ಟವಾಗಿರುವ ಮಂದ ಕಾಗದದ ಚಿತ್ರವನ್ನೇ ಅಂಟಿಸಿ. ಬೆಳಕು ಸಮವಾಗಿರಲಿ. ಟ್ಯಾಬ್ಲೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರೆ ಮಗುವಿನ ಕೈಗಳು ವಸ್ತುವನ್ನು ಮುಟ್ಟಲು ಬಿಡುವಾಗಿರುತ್ತವೆ.

ಸೇರಿಸುವ ಸೂಚನೆ ಸರಳವಾಗಿರಲಿ. ವಸ್ತುವಿನ ಸುತ್ತ ಒಂದು ವೃತ್ತ ಸಾಕು. ಧ್ವನಿ ಬೇಕಿದ್ದರೆ ಮನೆಯಲ್ಲಿ ಆಡುವ ಕನ್ನಡದಲ್ಲೇ, ಮಗುವಿಗೆ ಪರಿಚಿತರಾದವರ ದನಿಯಲ್ಲಿ, ಒಂದೇ ಪದವನ್ನು ಧ್ವನಿಮುದ್ರಿಸಿಕೊಳ್ಳಿ. ತಪ್ಪಿದಾಗ ಸದ್ದು ಮಾಡುವ ಆ್ಯಪ್‌ಗಳನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಕೆಲವು ಮಕ್ಕಳು ಆ ಸದ್ದಿಗೆ ಬೆದರುತ್ತಾರೆ, ಇನ್ನು ಕೆಲವರು ಅದನ್ನು ಕೇಳಲೆಂದೇ ಬೇಕೆಂದು ತಪ್ಪು ಮಾಡುತ್ತಾರೆ.

ಕೆಲವೇ ನಿಮಿಷಗಳಿಂದ ಆರಂಭಿಸಿ, ಮಗು ದಣಿಯುವ ಮೊದಲೇ ನಿಲ್ಲಿಸಿ. ಕಿವಿ ಮುಚ್ಚಿಕೊಳ್ಳುವುದು, ಮುಖ ತಿರುಗಿಸುವುದು ಸಾಕೆಂಬ ಸೂಚನೆಗಳು. ಅವನ್ನು ಹಟವೆಂದು ಎಣಿಸಿ ಒತ್ತಾಯಿಸಬಾರದು. ಮಗು ನಿಮ್ಮ ಕಣ್ಣನ್ನೇ ನೋಡಬೇಕೆಂಬ ಅಪೇಕ್ಷೆಯೂ ಬೇಡ, ಏಕೆಂದರೆ ನೇರವಾಗಿ ನೋಡದೆಯೂ ಎಷ್ಟೋ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.

ಬಹಳ ಮನೆಗಳಲ್ಲಿ ಬಿಟ್ಟುಹೋಗುವ ಹಂತವೆಂದರೆ ನೆರವನ್ನು ಹಿಂತೆಗೆಯುವುದು. ಮಗು ಸತತವಾಗಿ ಸರಿಯಾದದ್ದನ್ನು ಆರಿಸತೊಡಗಿದಾಗ ಮೊದಲು ಧ್ವನಿಯನ್ನು ತೆಗೆಯಿರಿ, ಬಳಿಕ ವೃತ್ತವನ್ನು ತೆಳುವಾಗಿಸಿ ಅಥವಾ ತಡವಾಗಿ ಮೂಡಿಸಿ, ಕೊನೆಗೆ ಟ್ಯಾಬ್ಲೆಟ್ ಇಲ್ಲದೆ ಅದೇ ವಸ್ತುಗಳನ್ನು ಅಡುಗೆಮನೆಯಲ್ಲಿ ಕೇಳಿ ನೋಡಿ. ಪ್ರತಿ ಸಲವೂ ಮಗು ಎಷ್ಟು ಹೊತ್ತು ತೊಡಗಿಕೊಂಡಿತು, ಎಷ್ಟು ನೆರವು ಬೇಕಾಯಿತು ಎಂಬುದನ್ನು ಬರೆದಿಡಿ. ತೆರೆ ಆರಿಸಿದೊಡನೆ ಆಸಕ್ತಿಯೂ ಆರುತ್ತಿದ್ದರೆ ಹಿಂದಿನ ಹಂತಕ್ಕೆ ಮರಳಿ, ಆ ಟಿಪ್ಪಣಿಯನ್ನು ಮಗುವಿನ ಚಿಕಿತ್ಸಕರಿಗೆ ತೋರಿಸಿ. ಚಿಕಿತ್ಸಕರಿನ್ನೂ ಇಲ್ಲದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ವಿಚಾರಿಸಬಹುದು.